ಅನುಜ್ ಕೈ ಎತ್ತಿದ ದಿನ

ಪ್ರಕಾಶನ ತಪ್ಪು ಶುರುವಾದದ್ದು ಒಂದು ಇಮೇಲಿನಿಂದ. ಬರೆದವರು ಮಗನ ಎರಡನೇ ಕ್ಲಾಸಿನ ಟೀಚರ್ ಮಿಸೆಸ್ ಡನ್. ಈ ಪರದೇಶದ ಟೀಚರುಗಳು ಬೈಯುವವರಲ್ಲ. ನಾಲ್ಕು ಒಳ್ಳೆಯ ಮಾತು ಬರೆದು ಐದನೆಯದರಲ್ಲಿ ನಯವಾಗಿ ಚುಚ್ಚುತ್ತಾರೆ. ಅನುಜ್ ಸೌಮ್ಯ ಹುಡುಗ, ಅಕ್ಷರ ಚೆಂದ, ಲೆಕ್ಕದಲ್ಲಿ ಚುರುಕು, ಎಲ್ಲರ ಜೊತೆ ಹಂಚಿಕೊಂಡು ಆಡುತ್ತಾನೆ. ಆದರೆ ಶಾಲೆ ಶುರುವಾಗಿ ತಿಂಗಳಾದರೂ ಒಂದೇ ಒಂದು ಸಲ ಕೈ ಎತ್ತಿಲ್ಲ.

ಒಂದೇ ಒಂದು ಸಲ! ಆಬರ್ನ್ ಹಿಲ್ಸಿನ ಆಫೀಸಿನಲ್ಲಿ ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ಪ್ರಕಾಶ ಆ ಸಾಲನ್ನು ಮೂರು ಸಲ ಓದಿದ. ಮೈಸೂರಿನ ಶಾಲೆಯಲ್ಲಿ ಪ್ರಕಾಶ ಕೈ ಎತ್ತಿದರೆ ಕೈಯ ಜೊತೆ ಅವನೂ ಬೆಂಚಿನಿಂದ ಎದ್ದುಬಿಡುತ್ತಿದ್ದ. ಉತ್ತರ ಗೊತ್ತಿಲ್ಲದಿದ್ದರೂ ಎತ್ತುತ್ತಿದ್ದ. ಅಂಥವನ ಮಗ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾನೆ ಎಂದರೆ ಅವನಿಗೆ ಅನ್ನ ಇಳಿಯಲಿಲ್ಲ.

"ಏಳು ವರ್ಷದ ಮಗು ರೀ ಅದು. ಅದಕ್ಕೆ ಎತ್ತಬೇಕು ಅನ್ಸಿದಾಗ ಎತ್ತುತ್ತೆ, ಬಿಡಿ" ಎಂದಳು ಸಂಜೆ ಮನೆಯಲ್ಲಿ ಹೆಂಡತಿ ಮಂಜರಿ.

ಬಿಡುವ ಜಾಯಮಾನ ಪ್ರಕಾಶನದಲ್ಲ. ಅವನ ಕೆಲಸ ಕಾರಿನ ಬ್ರೇಕುಗಳನ್ನು ಪರೀಕ್ಷಿಸುವುದು. ಒಂದು ಸದ್ದು ಬಂತೆಂದರೆ ಅದು ಎಲ್ಲಿಂದ ಬಂತು ಎಂದು ಪತ್ತೆ ಹಚ್ಚುವ ತನಕ ಅವನಿಗೆ ನಿದ್ದೆ ಹತ್ತದು. ಅಕ್ಟೋಬರ್ ಮಧ್ಯದಲ್ಲಿ ಶಾಲೆಯ ಹ್ಯಾಲೋವೀನ್ ಪಾರ್ಟಿಗೆ ಪೋಷಕರ ಸಹಾಯ ಕೇಳಿ ಪಟ್ಟಿ ಬಂದಾಗ, ಕುಕೀ, ಜ್ಯೂಸ್, ಪೇಪರ್ ಪ್ಲೇಟುಗಳ ಕೆಳಗೆ "ಒಗಟು ಹೇಳುವವರು, ಅರ್ಧ ಗಂಟೆ" ಎಂದಿತ್ತು. ಅವನು ಅಲ್ಲಿ ತನ್ನ ಹೆಸರು ಬರೆದ. ಹನ್ನೆರಡು ಒಗಟು ಅವನೇ ಕಟ್ಟಬೇಕು, ಅವನೇ ಓದಬೇಕು. ಹೆಚ್ಚು ಉತ್ತರ ಹೇಳಿದ ಮಗುವಿಗೆ ಕಿತ್ತಳೆ ಬಣ್ಣದ ಚೂಪು ಟೋಪಿ. ಅಷ್ಟೇ ಅಲ್ಲ, ಸೋಮವಾರ ಬೆಳಿಗ್ಗೆ ಆ ಮಗು ತಾನೇ ಕಟ್ಟಿದ ಒಂದು ಒಗಟನ್ನು ಮೈಕಿನಲ್ಲಿ ಇಡೀ ಶಾಲೆಗೆ ಕೇಳಬೇಕು.

ಒಗಟುಗಳನ್ನು ಅವನು ನಿಜಕ್ಕೂ ಚೆನ್ನಾಗಿ ಕಟ್ಟಿದ. "ಹಲ್ಲಿದೆ, ಕಚ್ಚುವುದಿಲ್ಲ. ಹೊಟ್ಟೆಯಲ್ಲಿ ದೀಪವಿದೆ, ಸುಡುವುದಿಲ್ಲ. ಬಾಗಿಲಲ್ಲೇ ಕೂತಿರುತ್ತೇನೆ, ಬೆಲ್ ಮಾತ್ರ ಒತ್ತುವುದಿಲ್ಲ." ಅದು ಹ್ಯಾಲೋವೀನಿಗೆ ಮುಖ ಕೊರೆದು, ಒಳಗೆ ದೀಪವಿಟ್ಟ ಕುಂಬಳಕಾಯಿ. "ಪಾರ್ಟಿಗೆ ಕರೆದರೆ ಬರುತ್ತೇನೆ, ಆದರೆ ಏನೂ ತಿನ್ನುವುದಿಲ್ಲ, ಹಾಕಿಕೊಳ್ಳಲು ಹೊಟ್ಟೆಯೇ ಇಲ್ಲ." ಅದು ಅಸ್ಥಿಪಂಜರ. "ವರ್ಷವೆಲ್ಲ ನೆಲ ಗುಡಿಸುತ್ತೇನೆ, ಒಂದು ದಿನ ಮಾತ್ರ ಆಕಾಶದಲ್ಲಿ ಹಾರುತ್ತೇನೆ." ಮಾಟಗಾತಿ ಏರುವ ಪೊರಕೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿ, ದಪ್ಪ ಕಾರ್ಡಿನ ಮೇಲೆ ಪ್ರಿಂಟ್ ತೆಗೆದು, ಹಿಂದೆ ಉತ್ತರ ಬರೆದ. ಇಲ್ಲಿಯವರೆಗೆ ಅವನ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ಪಾರ್ಟಿಗೆ ಒಂದು ವಾರ ಮೊದಲು, ಶಾಲೆ ಬಿಡುವ ಹೊತ್ತಿನಲ್ಲಿ, ನಜ್ಮುನ್ನೀಸಾ ಅವನನ್ನು ನಿಲ್ಲಿಸಿ ಮಾತಾಡಿಸಿದಳು. ಹುಬ್ಬಳ್ಳಿಯವಳು, ಇಲ್ಲಿ ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ. ಮಗಳು ಅನಮ್, ಅನುಜ್‌ನ ಕ್ಲಾಸಿನವಳೇ.

"ಅಣ್ಣಾ, ಈ ದೆವ್ವದ ವೇಷ, ಮೆರವಣಿಗಿ ನಮ್ಮ ಮನ್ಯಾಗ ಮಾಡಂಗಿಲ್ರಿ. ಹೋದ ವರ್ಷ ಪಾರ್ಟಿ ದಿನ ಅಕಿನ್ನ ಮನ್ಯಾಗ ಇಟ್ಕೊಂಡಿದ್ದೆ, ಭಾಳ ಅತ್ಲು. ಈ ಸಲ ಒಗಟಿಗಷ್ಟ ಕಳಸ್ಲೇನು? ಅದರಾಗ ಏನೂ ತಪ್ಪಿಲ್ಲಲ್ರಿ?"

"ಕಳ್ಸಿ, ಖಂಡಿತ ಕಳ್ಸಿ. ನಾನೇ ಓದ್ತಿರೋದು. ಮಕ್ಕಳಿಗೆ ತಮಾಷೆ, ಅಷ್ಟೇ."

"ಒಗಟಂದ್ರ ಅಕಿಗೆ ಜೀವ ನೋಡ್ರಿ. ನಮ್ಮ ಅತ್ತಿ, ಅಕಿ ದಾದಿ, ಹುಬ್ಬಳ್ಳಿಯಿಂದ ದಿನಾ ವಿಡಿಯೋ ಕಾಲ್‌ನ್ಯಾಗ ಒಂದು ಒಗಟು ಹೇಳ್ತಾರ, ಮರುದಿನ ಇಕಿ ಉತ್ತರ ಹೇಳಬೇಕು. ಸ್ವಲ್ಪ ಹೊತ್ತು ಹಿಡಿತೈತಿ, ಆದ್ರ ತಾನ ಹುಡುಕತಾಳ."

ಅನಮ್ ಅಮ್ಮನ ಪಕ್ಕದಲ್ಲಿ ನಿಂತು, ಎರಡು ಹಲ್ಲು ಬಿದ್ದ ಬಾಯಿಯಲ್ಲಿ ನಗುತ್ತಿದ್ದಳು. ಪ್ರಕಾಶ ಅವಳ ತಲೆ ಸವರಿದ. ಇದನ್ನು ನೆನಪಿಡಿ, ಏಕೆಂದರೆ ಅವನಿಗೆ ಆಮೇಲೆ ಮರೆಯಲಾಗಲಿಲ್ಲ.

ಅದೇ ಸಂಜೆ ಅನುಜ್‌ನನ್ನು ಈಜು ಕ್ಲಾಸಿಗೆ ಕರೆದುಕೊಂಡು ಹೋಗುವಾಗ ಪ್ರಕಾಶ ಕಾರಿನಲ್ಲಿ ಒಂದು ಒಗಟು ಕೇಳಿದ. ಸುಮ್ಮನೆ, ಮಕ್ಕಳಿಗೆ ಕಷ್ಟವಾಗುತ್ತದೋ ಏನೋ ನೋಡೋಣ ಎಂದು. ಅನುಜ್ ಕಿಟಕಿಯ ಹೊರಗೆ ನೋಡುತ್ತ ಕೂತ. ಮೂರು ಸಿಗ್ನಲ್ ದಾಟಿದವು. ಉತ್ತರವಿಲ್ಲ.

"ಕುಂಬಳಕಾಯಿ ಕಣೋ! ಪಂಪ್‌ಕಿನ್!" ಎಂದ ಪ್ರಕಾಶ. "ನೋಡು, ಎಷ್ಟು ಸುಲಭ. ಇನ್ನೊಂದು ಕೇಳ್ತೀನಿ."

ಎರಡೇ ಎರಡು ಹೇಳಿಕೊಡುವುದು, ಧೈರ್ಯ ಬರಲಿ ಅಂತ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಈಜು ಕ್ಲಾಸಿನಿಂದ ವಾಪಸಾಗುವಷ್ಟರಲ್ಲಿ ನಾಲ್ಕಾಯಿತು. ಆಫೀಸಿನಲ್ಲಿ ಇದೇ ಮನುಷ್ಯ, ತಾವೇ ಡಿಸೈನ್ ಮಾಡಿದ್ದನ್ನು ತಾವೇ ಟೆಸ್ಟ್ ಮಾಡಬಾರದು ಎಂದು ಹೊಸಬರಿಗೆ ಪಾಠ ಹೇಳುವವನು. ಗುರುವಾರದ ಹೊತ್ತಿಗೆ ಹನ್ನೆರಡೂ ಮುಗಿದಿದ್ದವು. ಮುಗಿದದ್ದು ಹೇಗೆಂದರೆ, ನಮ್ಮೂರ ಕಡೆ ಮಗ್ಗಿ ಹೇಳಿಸುತ್ತಾರಲ್ಲ, ಹಾಗೆ. ಒಂದು, ಪಂಪ್‌ಕಿನ್. ಎರಡು, ಸ್ಕೆಲಿಟನ್. ಮೂರು, ಬಾವಲಿ. ಹಲ್ಲುಜ್ಜುವಾಗ ಒಮ್ಮೆ, ದೋಸೆ ತಿನ್ನುವಾಗ ಒಮ್ಮೆ. ಮಗ ಉರು ಹೊಡೆದ. ಅಪ್ಪ ಹೊಡೆಸಿದ.

"ಇದು ಚೀಟಿಂಗ್ ಅಲ್ವಾ, ಅಪ್ಪಾ?" ಎಂದು ಅನುಜ್ ಒಂದು ಸಲ ಇಂಗ್ಲಿಷಿನಲ್ಲಿ ಕೇಳಿದ. ಅವನು ಉತ್ತರಿಸುವುದೆಲ್ಲ ಇಂಗ್ಲಿಷಿನಲ್ಲೇ. "ಅಪ್ಪಾ" ಮಾತ್ರ ಕನ್ನಡ.

"ಛೇ, ಇದು ಪ್ರಾಕ್ಟೀಸ್. ಎಲ್ಲಾರೂ ಪ್ರಾಕ್ಟೀಸ್ ಮಾಡ್ತಾರೆ."

ಮಂಜರಿ ಒಲೆಯ ಮುಂದಿಂದ ತಿರುಗಿ ಗಂಡನನ್ನು ನೋಡಿದಳು. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಪ್ರಕಾಶ ಆಮೇಲೆ ಅವಳ ಮೇಲೇ ತಪ್ಪು ಹೊರಿಸಲು ನೋಡಿದ, ಅದು ಬೇರೆ ವಿಷಯ.

ಶುಕ್ರವಾರ ಮಧ್ಯಾಹ್ನ ಅವನು ರಜೆ ಹಾಕಿ ಶಾಲೆಗೆ ಬಂದ. ಇಪ್ಪತ್ತೆರಡು ಮಕ್ಕಳು ಕಾರ್ಪೆಟ್ಟಿನ ಮೇಲೆ ಕೂತಿದ್ದರು. ಮೂವರು ರಾಜಕುಮಾರಿಯರು, ಒಂದು ಡೈನೋಸಾರ್, ಒಂದು ಬಾಳೆಹಣ್ಣು, ಅಗ್ನಿಶಾಮಕ ದಳದ ಉಡುಪಿನಲ್ಲಿ ಅನುಜ್. ಅನಮ್ ಹಬ್ಬಕ್ಕೆ ಹೊಲಿಸಿದ ನೀಲಿ ಚೂಡಿದಾರ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹಿಂದೆ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಮಡಚಿ ನಜ್ಮುನ್ನೀಸಾ. ಒಗಟು ಮುಗಿದ ಕೂಡಲೆ, ಮೆರವಣಿಗೆಗೆ ಮೊದಲು, ಮಗಳನ್ನು ಕರೆದುಕೊಂಡು ಹೋಗುವವಳಿದ್ದಳು.

ಪ್ರಕಾಶ ಮೊದಲ ಕಾರ್ಡು ಓದಿದ. ಇನ್ನೂ ದೀಪದ ಮಾತಿಗೆ ಬಂದಿರಲಿಲ್ಲ, ಅನುಜ್‌ನ ಕೈ ಮೇಲೆ ಹೋಯಿತು.

ಮಿಸೆಸ್ ಡನ್ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅನುಜ್!" ಎಂದರು. ಅವರ ದನಿಯಲ್ಲಿ ಎಷ್ಟು ಸಂತೋಷವಿತ್ತೆಂದರೆ ಪ್ರಕಾಶನ ಕಣ್ಣು ಒದ್ದೆಯಾಯಿತು. ಮಗ ಕೈ ಎತ್ತಿದ್ದ. ಅಷ್ಟಕ್ಕೇ ನಿಂತಿದ್ದರೆ ಅದು ಅವನ ಬದುಕಿನ ಒಳ್ಳೆಯ ದಿನಗಳಲ್ಲಿ ಒಂದಾಗುತ್ತಿತ್ತು.

ನಿಲ್ಲಲಿಲ್ಲ. ಎರಡನೆಯದು ಅನುಜ್, ಮೂರನೆಯದು ಅನುಜ್. ನಾಲ್ಕನೆಯದನ್ನು ಡೈನೋಸಾರ್ ಹೇಗೋ ಕಿತ್ತುಕೊಂಡಿತು. ಐದು, ಆರು ಮತ್ತೆ ಅನುಜ್. ಪ್ರತಿಸಲವೂ ಅನಮ್ ತಲೆ ಎತ್ತಿ ಚಾವಣಿ ನೋಡುತ್ತ, ತುಟಿ ಅಲುಗಿಸುತ್ತ ಯೋಚಿಸುವಳು. ಅವಳ ಮುಖ ಬೆಳಗುವ ಹೊತ್ತಿಗೆ, ಅವಳ ಕೈ ಭುಜದವರೆಗೆ ಬರುವ ಹೊತ್ತಿಗೆ, ಅನುಜ್ ಹೇಳಿ ಮುಗಿಸಿರುವನು. ಮುಂದೆ ನಿಂತು ಓದುತ್ತಿದ್ದ ಪ್ರಕಾಶನಿಗೆ ಅದು ಐದು ಸಲವೂ ಕಂಡಿತು.

ಏಳನೆಯದರಲ್ಲಿ ಎರಡು ಕಾರ್ಡುಗಳು ಅಂಟಿಕೊಂಡಿದ್ದವು. ಏಳನ್ನು ಬಿಟ್ಟು ಅವನು ಎಂಟನ್ನು ಓದಿದ. "ದೀಪ ಹಾಕಿದರೆ ನಿನ್ನ ಹಿಂದೆಯೇ ಬರುತ್ತೇನೆ. ಆರಿಸಿದರೆ ಓಡಿಹೋಗುತ್ತೇನೆ."

"ಪೊರಕೆ!" ಎಂದ ಅನುಜ್.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅನುಜ್ ನಗಲಿಲ್ಲ, ಅಪ್ಪನ ಮುಖವನ್ನೇ ನೋಡಿದ. ಅಷ್ಟರಲ್ಲಿ ಅನಮ್‌ಳ ಕೈ ಪೂರ್ತಿ ಮೇಲೆ ಹೋಗಿತ್ತು. ಟೀಚರ್ ಅವಳತ್ತ ಬೆರಳು ತೋರಿಸಿದರು, ಅವಳು ಬಾಯಿ ತೆರೆದಳು. "ನೆರಳು!" ಎಂದು ಅನುಜ್ ಕೂಗಿಬಿಟ್ಟ. ಪಟ್ಟಿಯಲ್ಲಿ ಪೊರಕೆಯ ಮುಂದಿನದು ಅದೇ ತಾನೇ.

ಸರದಿ ಬಿಟ್ಟು ಕೂಗಿದರೆ ಲೆಕ್ಕಕ್ಕಿಲ್ಲ ಎಂದು ಟೀಚರ್ ಹೇಳಬೇಕಿತ್ತು. ಆದರೆ ಎರಡು ತಿಂಗಳು ತುಟಿ ಬಿಚ್ಚದ ಮಗು ಅದು. ಅವರು ನಕ್ಕು, ಬೋರ್ಡಿನ ಮೇಲೆ ಅನುಜ್ ಹೆಸರಿನ ಮುಂದೆ ಇನ್ನೊಂದು ಗೆರೆ ಎಳೆದರು. ಅನಮ್ ಬಾಯಿ ಮುಚ್ಚಿಕೊಂಡಳು. ಅನುಜ್‌ನನ್ನು ನೋಡಿದಳು, ಪ್ರಕಾಶನ ಕೈಯಲ್ಲಿದ್ದ ಕಾರ್ಡುಗಳನ್ನು ನೋಡಿದಳು. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಉಳಿದ ಒಗಟುಗಳಿಗೆ ಆ ಕೈಗಳು ಹೊರಗೆ ಬರಲಿಲ್ಲ.

ಪ್ರಕಾಶ ಆಗಲೇ ನಿಲ್ಲಿಸಬಹುದಿತ್ತು. ಹೊಸದೊಂದು ಒಗಟನ್ನು ಅಲ್ಲೇ ಕಟ್ಟಿ ಕೇಳಬಹುದಿತ್ತು. ಏನೂ ಮಾಡದೆ ಹನ್ನೆರಡನ್ನೂ ಓದಿ ಮುಗಿಸಿದ. ಅನುಜ್‌ಗೆ ಒಂಬತ್ತು, ಡೈನೋಸಾರಿಗೆ ಎರಡು, ಬಾಳೆಹಣ್ಣಿಗೆ ಒಂದು. ಚೂಪು ಟೋಪಿ ಅನುಜ್‌ನ ತಲೆಯೇರಿತು.

ಮೆರವಣಿಗೆಗೆ ಮಕ್ಕಳು ಸಾಲು ಕಟ್ಟುತ್ತಿದ್ದಾಗ ನಜ್ಮುನ್ನೀಸಾ ಬಂದಳು. ಮಗಳು ಅವಳ ಕೈ ಹಿಡಿದು ನೆಲ ನೋಡುತ್ತಿದ್ದಳು.

"ನಿಮ್ಮ ಹುಡುಗ ಭಾಳ ಶಾಣ್ಯಾ ಅದಾನ್ರಿ ಅಣ್ಣಾ. ಏನ್ ತಿನ್ನಸ್ತೀರಿ, ನಮಗೂ ಹೇಳ್ರಿ" ಎಂದು ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ; ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. "ನಾಳೆ ಶನಿವಾರ, ಚಹಾಕ್ಕ ಅವನ್ನ ಕರಕೊಂಡು ಬರ್ರಿ. ಹೆಂಗ ಲಗೂನ ವಿಚಾರ ಮಾಡಬೇಕು ಅಂತ ನಮ್ಮಕಿಗೂ ಒಂಚೂರು ಹೇಳಿಕೊಡ್ರಿ."

"ಬರ್ತೀವಿ" ಎಂದ ಪ್ರಕಾಶ. ಕಾರ್ಡುಗಳನ್ನು ಜೇಬಿಗೆ ತುರುಕಿಕೊಂಡ.

ಸಂಜೆ ಬಡಾವಣೆಯ ಮನೆಮನೆಗೂ ಚಾಕಲೇಟಿಗೆ ಹೊರಟಾಗ ಐದೇ ಡಿಗ್ರಿ ಚಳಿ. ಅನುಜ್ ಅಗ್ನಿಶಾಮಕದ ಅಂಗಿಯ ಮೇಲೆ ಜಾಕೆಟ್ ಹಾಕಿಕೊಂಡಿದ್ದ. ಚೂಪು ಟೋಪಿಯನ್ನು ಮನೆಯಲ್ಲೇ, ಶೂ ಇಡುವ ಕಪಾಟಿನೊಳಗೆ, ಕಾಣದ ಹಾಗೆ ಇಟ್ಟು ಬಂದಿದ್ದ. ಅದನ್ನು ಪ್ರಕಾಶ ನೋಡಿದ್ದ, ಕೇಳಿರಲಿಲ್ಲ.

ನಾಲ್ಕು ಮನೆ ಮುಗಿಸಿದ ಮೇಲೆ ಹುಡುಗ ಕೇಳಿದ: "ಅಪ್ಪಾ, ಸೋಮವಾರದ ಒಗಟನ್ನೂ ನೀನೇ ಬರೀತೀಯಾ?"

"ಯಾಕೆ, ನೀನೇ ಬರೀಬಹುದಲ್ಲಾ?"

"ನನಗೆ ಬರಲ್ಲ" ಎಂದ ಅನುಜ್, ಏನೂ ಬೇಸರವಿಲ್ಲದೆ, ಎತ್ತರದ ಶೆಲ್ಫು ಕೈಗೆಟುಕುವುದಿಲ್ಲ ಎನ್ನುವ ಹಾಗೆ. "ನನಗೆ ಗೊತ್ತಿರೋದು ನೀನು ಹೇಳಿದ್ದು ಮಾತ್ರ."

ಪ್ರಕಾಶನ ಕಾಲು ಫುಟ್‌ಪಾತಿನ ಮೇಲೆ ನಿಂತುಬಿಟ್ಟಿತು. ಮಗನಿಗೆ ಧೈರ್ಯ ಬರಲಿ ಎಂದು ಹೊರಟವನು ಅವನಿಗೆ ಕಲಿಸಿದ್ದು ಇದು. ಅನುಜ್‌ಗೆ ತನ್ನಿಂದ ಆಗುವುದಿಲ್ಲ ಎಂಬುದು ಮೊದಲು ಬರೀ ಅನುಮಾನವಾಗಿತ್ತು. ಈಗ ಅಪ್ಪನೇ ಅದಕ್ಕೆ ಸಹಿ ಹಾಕಿ ಕೊಟ್ಟಿದ್ದ.

ಮನೆಗೆ ಬಂದು ಎಲ್ಲವನ್ನೂ ಮಂಜರಿಗೆ ಹೇಳಿದ. ಅನಮ್ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡದ್ದನ್ನೂ.

"ಹೋಗಿ ಹೇಳಿಬಿಡಿ" ಎಂದಳು ಅವಳು.

"ಅನುಜ್ ಮುಂದೆ ಹೇಗೇ ಹೇಳ್ಲಿ? ಇಷ್ಟು ದಿನಕ್ಕೆ ಒಂದು ಸಲ ಕೈ ಎತ್ತಿದಾನೆ. ಅದು ಮೋಸ ಅಂತ ಎಲ್ಲಾರ ಮುಂದೆ ಅಂದ್ರೆ, ಆ ಕೈ ಮತ್ತೆ ಏಳುತ್ತಾ?"

"ಅವನು ಟೋಪಿ ಎಲ್ಲಿಟ್ಟಿದಾನೆ ನೋಡಿದ್ರಾ?" ಎಂದು ಮಂಜರಿ ಕೇಳಿದಳು. ಪ್ರಕಾಶ ಶೂ ಇಡುವ ಕಪಾಟಿನತ್ತ ನೋಡಿದ.

ಶನಿವಾರ ಮಧ್ಯಾಹ್ನ ಅಪ್ಪ ಮಗ ಇಬ್ಬರೂ ಹೋದರು. ನಜ್ಮುನ್ನೀಸಾಳ ಗಂಡ ಇಕ್ರಾಮ್ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಟೀಪಾಯಿಯ ಮೇಲೆ ಚಹಾ, ಖಾರಾ ಬಿಸ್ಕತ್ತು, ಜೊತೆಗೆ ಮಡಚಿದ ಕಾಗದದ ಎರಡು ಚೂರು.

"ನಿನ್ನೆ ಕೂತು ತಾನ ಬರದಾಳ್ರಿ. ಅನುಜ್‌ಗೆ ಕೇಳತಾಳಂತ" ಎಂದಳು ನಜ್ಮುನ್ನೀಸಾ.

ಅನಮ್ ಮೊದಲ ಚೂರನ್ನು ಬಿಚ್ಚಿ ಓದಿದಳು. "ದಿನಾ ಸ್ವಲ್ಪ ಸ್ವಲ್ಪ ಸವೆದು ಹೋಗುತ್ತೇನೆ. ಪೂರ್ತಿ ಮುಗಿದೆ ಅಂದುಕೊಂಡಾಗ ಮತ್ತೆ ದುಂಡಗಾಗುತ್ತೇನೆ. ನನ್ನನ್ನು ಮೊದಲು ನೋಡಿದವರು ಎಲ್ಲರಿಗೂ ಹೇಳುತ್ತಾರೆ."

ಅನುಜ್ ಚಾವಣಿ ನೋಡಲಿಲ್ಲ, ಕಿಟಕಿ ನೋಡಲಿಲ್ಲ. ತಿರುಗಿ ಅಪ್ಪನ ಮುಖ ನೋಡಿದ.

ನಿಜ ಹೇಳಬೇಕೆಂದರೆ ಪ್ರಕಾಶ ಬೇಕೆಂದು ಮಾಡಲಿಲ್ಲ. ಮಗನ ಆ ಕಣ್ಣು ಕಂಡ ಕೂಡಲೆ ಅವನ ತುಟಿ ತಾನಾಗಿಯೇ ದುಂಡಗಾಗಿ, ಸದ್ದಿಲ್ಲದೆ ಆ ಪದವನ್ನು ಹೇಳಿಬಿಟ್ಟಿತು.

"ಮೂನ್" ಎಂದ ಅನುಜ್.

"ನೋಡ್ರಿ ಮತ್ತ!" ಎಂದು ನಜ್ಮುನ್ನೀಸಾ ಚಪ್ಪಾಳೆ ತಟ್ಟಿದಳು. ಅನಮ್ ಕಾಗದವನ್ನು ಮೊದಲಿನ ಹಾಗೆ ಮಡಚಿ ಇಟ್ಟಳು. ಅವಳು ಪ್ರಕಾಶನ ತುಟಿಯನ್ನು ನೋಡಿದ್ದಳು. ಎರಡೂ ಕೈಗಳು ಮೆಲ್ಲಗೆ ತೊಡೆಯ ಕೆಳಗೆ ಹೋದವು.

ಪ್ರಕಾಶ ಚಹಾದ ಕಪ್ಪನ್ನು ಕೆಳಗಿಟ್ಟ.

"ನಜ್ಮಾ ಅವರೇ, ನಾನೊಂದು ತಪ್ಪು ಮಾಡಿದೀನಿ. ಈಗಲೂ ಮಾಡಿದೆ. ನಿನ್ನೆ ಕೇಳಿದ ಹನ್ನೆರಡಕ್ಕೂ ಉತ್ತರ ನಾನು ಮೊದಲೇ ಇವನಿಗೆ ಹೇಳಿಕೊಟ್ಟಿದ್ದೆ. ಒಂದು ವಾರ ಉರು ಹೊಡೆಸಿದೀನಿ. ಇದು ಚೀಟಿಂಗ್ ಅಲ್ವಾ ಅಂತ ಅವನು ಕೇಳಿದ್ದ. ತಪ್ಪು ಅವನದ್ದಲ್ಲ, ನನ್ನದು." ಆಮೇಲೆ ಕಾರ್ಪೆಟ್ಟಿನ ಮೇಲೆ ಮೊಣಕಾಲೂರಿ ಅನಮ್‌ಳ ಎದುರು ಕೂತು ಇಂಗ್ಲಿಷಿನಲ್ಲಿ ಹೇಳಿದ: "ನಿನ್ನ ಸರದಿಯನ್ನ ನಾನು ತಗೊಂಡೆ. ನೀನು ನಿಜವಾಗಿ ಯೋಚನೆ ಮಾಡ್ತಿದ್ದೆ. ಅಲ್ಲಿ ನೆರಳು ಅಂತ ಯೋಚಿಸಿ ಕಂಡುಹಿಡಿದವಳು ನೀನೊಬ್ಬಳೇ. ಸಾರಿ."

ನಜ್ಮುನ್ನೀಸಾಳ ಮುಖದ ನಗು ಹೋಗಿತ್ತು.

"ನಿನ್ನೆ ಕಾರಿನ್ಯಾಗ ಅಕಿ ಏನಂದ್ಲು ಗೊತ್ತೇನ್ರಿ?" ಎಂದಳು ಕೊನೆಗೆ. "ಮಮ್ಮಿ, ನಾ ಸ್ಲೋ ಅದೀನಿ ಅಂದ್ಲು. ಇವತ್ತು ದಾದಿಗೆ ಕಾಲ್ ಮಾಡೂದು ಬ್ಯಾಡ ಅಂದ್ಲು. ನಾನೂ ಮತ್ತ ಏನಂದೆ? ಹೌದವ್ವಾ, ಲಗು ಲಗು ವಿಚಾರ ಮಾಡೂದು ಕಲಿಬೇಕು ಅಂದೆ." ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನನ್ನ ಬಾಯಿಲೆ ಹಂಗ ಅನ್ನಿಸಿದ್ರಲ್ರಿ ಅಣ್ಣಾ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಪ್ರಕಾಶ ತಲೆ ತಗ್ಗಿಸಿ ಕೂತ. ಸೋಮವಾರ ಬೆಳಿಗ್ಗೆಯೇ ಟೀಚರಿಗೂ ಎಲ್ಲ ಹೇಳುತ್ತೇನೆ, ಮೈಕಿನಲ್ಲಿ ಅನಮ್‌ಳೇ ಒಗಟು ಕೇಳಲಿ ಎಂದು ಕೇಳಿಕೊಳ್ಳುತ್ತೇನೆ ಎಂದ. ನಜ್ಮುನ್ನೀಸಾ ಎದ್ದಳು. ತಣ್ಣಗಾದ ಅವನ ಚಹಾವನ್ನು ಬಿಸಿ ಮಾಡಲು ಒಳಗೆ ತೆಗೆದುಕೊಂಡು ಹೋದಳು.

ಅವನಿಗೆ ಮಗನತ್ತ ನೋಡುವ ಧೈರ್ಯವಿರಲಿಲ್ಲ. ಹುಡುಗ ಅಳುತ್ತಿರಬಹುದು, ಇನ್ನು ಆ ಕೈಯನ್ನು ಮರೆತುಬಿಡಬೇಕು ಎಂದುಕೊಂಡ. ಅನುಜ್ ಅಳುತ್ತಿರಲಿಲ್ಲ. ಸೋಫಾದಿಂದ ಇಳಿದು, ಅನಮ್‌ಳ ಎದುರು ಹೋಗಿ, ಜಾಕೆಟ್ಟಿನೊಳಗಿಂದ ಚಪ್ಪಟೆಯಾಗಿ ಮಡಚಿದ್ದ ಕಿತ್ತಳೆ ಟೋಪಿಯನ್ನು ಎಳೆದು ತೆಗೆದ. ಅದನ್ನು ಅವನು ತಂದಿದ್ದು ಪ್ರಕಾಶನಿಗೆ ಗೊತ್ತೇ ಇರಲಿಲ್ಲ.

ಅನಮ್ ಟೋಪಿಯನ್ನು ತಗೊಂಡು ತಿರುಗಿಸಿ ನೋಡಿ ಪಕ್ಕಕ್ಕಿಟ್ಟಳು. ಆಮೇಲೆ ಎರಡನೇ ಚೂರನ್ನು ಬಿಚ್ಚಿದಳು.

"ನನಗೆ ಅಂಗಿಯಿದೆ, ಅದರೊಳಗೆ ಬರೀ ಹುಲ್ಲು. ನಾನು ನಿಂತ ಜಾಗ ಬಿಟ್ಟು ಕದಲುವುದಿಲ್ಲ, ಆದರೂ ನನ್ನನ್ನು ಕಂಡು ಹಾರಿಹೋಗುತ್ತಾರೆ."

ಬೆದರುಬೊಂಬೆ. ಪ್ರಕಾಶನಿಗೆ ಆ ಕ್ಷಣವೇ ಹೊಳೆಯಿತು. ಅವನು ತುಟಿ ಕಚ್ಚಿ ಹಿಡಿದ. ಅನುಜ್ ಅಭ್ಯಾಸಬಲದಿಂದ ಅಪ್ಪನತ್ತ ತಿರುಗಿದ. ಪ್ರಕಾಶ ಕಾರ್ಪೆಟ್ಟಿನ ಹೂವುಗಳನ್ನು ನೋಡತೊಡಗಿದ. ಹೊರಗೆ ಯಾರದೋ ಗ್ಯಾರೇಜಿನ ಬಾಗಿಲು ಎದ್ದು, ಇಳಿಯಿತು. ಒಳಗೆ ಚಹಾ ಉಕ್ಕಿದ ವಾಸನೆ. ಒಂದು ಒಗಟಿಗೆ ಇಷ್ಟು ಹೊತ್ತು ಹಿಡಿಯುತ್ತದೆ ಎಂದು ಅವನು ಎಂದೂ ಕಾದು ನೋಡಿರಲಿಲ್ಲ. ಕಾರಿನಲ್ಲಿ ಮೂರು ಸಿಗ್ನಲ್ ದಾಟುವಷ್ಟರಲ್ಲೇ ಉತ್ತರ ಹೇಳಿಬಿಟ್ಟಿದ್ದ. ನಾಲ್ಕನೆಯ ಸಿಗ್ನಲ್ಲಿನವರೆಗೆ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಈಗ ಯಾರಿಗೆ ಗೊತ್ತು.

ಕೊನೆಗೆ ಅವನು ತಲೆ ಎತ್ತಿ ನೋಡಿದಾಗ ಅನುಜ್ ಚಾವಣಿ ನೋಡುತ್ತಿದ್ದ. ತುಟಿ ಅಲುಗುತ್ತಿತ್ತು. ಕ್ಲಾಸಿನಲ್ಲಿ ಕೂತವನ ಹಾಗೆ, ನಾಲ್ಕೇ ಜನರಿದ್ದ ಆ ಮನೆಯಲ್ಲಿ, ಅವನ ಬಲಗೈ ನಿಧಾನವಾಗಿ ಮೇಲೆ ಹೋಯಿತು.

"ಹೇಳು" ಎಂದಳು ಅನಮ್, ಟೀಚರಿನ ಗತ್ತಿನಲ್ಲಿ.

"ನನಗಿನ್ನೂ ಗೊತ್ತಾಗಿಲ್ಲ" ಎಂದ ಅನುಜ್, ಕೈ ಇಳಿಸದೆ. "ಅಪ್ಪಾ, ನೀನು ಹೇಳಬೇಡ."